ವಾಲಿ ನಿಂತ ಜೀಪು

ಎರಡಿಂಚು ಎತ್ತರಿಸುವ ಸ್ಪ್ರಿಂಗ್ ಹಾಕಿಸಿಕೊಂಡ ಜೀಪು ಗ್ಯಾರೇಜಿನಿಂದ ಹೊರಬಂದ ದಿನ ಎಲ್ಲರೂ ಅದನ್ನು ಪಕ್ಕದಿಂದ ನೋಡುತ್ತಾರೆ. ಫೋಟೊ ತೆಗೆಯುವುದೂ ಪಕ್ಕದಿಂದಲೇ. ತಕರಾರು ಶುರುವಾಗುವುದು ಹಿಂದಿನಿಂದ ನೋಡಿದಾಗ, ಅದೂ ಎರಡು ಮೂರು ದಿನ ಕಳೆದ ಮೇಲೆ. ಬಲಗಡೆ ಸ್ವಲ್ಪ ತಗ್ಗಿದ ಹಾಗಿದೆಯಲ್ಲ? ಟೇಪು ಹಿಡಿದರೆ ಅನುಮಾನ ನಿಜವಾಗುತ್ತದೆ. ಎಡಗಡೆಗಿಂತ ಬಲಗಡೆ ಅರ್ಧ ಇಂಚು ಕಮ್ಮಿ. ಒಮ್ಮೆ ಕಂಡ ವಾಲು ಆಮೇಲೆ ಕಣ್ಣಿಗೆ ಬೀಳದೆ ಇರುವುದಿಲ್ಲ. ಮಾಲೀಕ ‘ಸ್ಪ್ರಿಂಗೇ ಸರಿಯಿಲ್ಲ’ ಎನ್ನುತ್ತಾನೆ. ಮೇಸ್ತ್ರಿ ‘ಸಾವಿರ ಕಿಲೋಮೀಟರ್ ಓಡ್ಸಿ ಸಾರ್, ತಾನೇ ಕೂತ್ಕೊಳ್ಳುತ್ತೆ’ ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಮೂರನೆಯವನೊಬ್ಬ ಬಂದು ‘ತಗ್ಗಿದ ಕಡೆ ಸ್ಪ್ರಿಂಗಿಗೆ ಒಂದು ಸ್ಪೇಸರ್ ಬಿಲ್ಲೆ ಇಟ್ಟುಬಿಡಿ’ ಎಂದರೆ ಕೆಲಸ ಅರ್ಧ ಗಂಟೆಯಲ್ಲಿ ಮುಗಿದೂ ಹೋಗುತ್ತದೆ, ಟೇಪು ಸಮ ತೋರಿಸುತ್ತದೆ. ಆದರೆ ಟೇಪು ಅಳೆಯುವುದು ಎತ್ತರವನ್ನು ಮಾತ್ರ. ನಾಲ್ಕು ಚಕ್ರಗಳು ಎಷ್ಟೆಷ್ಟು ಭಾರ ಹೊತ್ತಿವೆ ಎಂಬುದರ ಬಗ್ಗೆ ಅದು ಏನೂ ಹೇಳುವುದಿಲ್ಲ, ಮತ್ತು ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಲೆಕ್ಕಕ್ಕೆ ಬರುವುದು ಭಾರ.

ಮೊದಲು ಅಳತೆ ಸರಿಯಾಗಬೇಕು. ನೆಲದಿಂದ ಮಡ್ಗಾರ್ಡಿಗೆ ಟೇಪು ಹಿಡಿದರೆ ಟೈರಿನ ಗಾಳಿಯೂ ಸವೆತವೂ ಲೆಕ್ಕದೊಳಗೆ ನುಸುಳುತ್ತವೆ. ಹಾಗಾಗಿ ಚಕ್ರದ ಹಬ್ಬಿನ ನಡುಬಿಂದುವಿನಿಂದ ನೇರ ಮೇಲೆ ಮಡ್ಗಾರ್ಡಿನ ಅಂಚಿಗೆ ಅಳೆಯುವುದು ವಾಡಿಕೆ. ನೆಲ ಮಟ್ಟವಾಗಿರಬೇಕು ಎಂದು ಎಲ್ಲರಿಗೂ ಗೊತ್ತು. ಆದರೆ ಪೆಟ್ರೋಲ್ ಬಂಕಿನ ನೆಲ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟು ಎರಡನ್ನೂ ನೀರು ಹರಿದುಹೋಗಲೆಂದು ಇಳಿಜಾರಾಗಿಯೇ ಕಟ್ಟಿರುತ್ತಾರೆ ಎಂಬುದು ನೆನಪಾಗುವುದಿಲ್ಲ. ರಸಮಟ್ಟ ಇಲ್ಲದವರಿಗೆ ಒಂದು ಉಪಾಯವಿದೆ. ಒಮ್ಮೆ ಅಳೆದು, ಗಾಡಿಯನ್ನು ಅದೇ ಜಾಗದಲ್ಲಿ ಮುಖ ತಿರುಗಿಸಿ ನಿಲ್ಲಿಸಿ ಮತ್ತೆ ಅಳೆಯುವುದು. ವಾಲು ಗಾಡಿಯ ಜೊತೆ ತಿರುಗಿದರೆ ತಪ್ಪು ಗಾಡಿಯದು, ನೆಲದ ಜೊತೆ ಉಳಿದರೆ ನೆಲದ್ದು.

ಜಾಕಿ ಇಳಿಸಿದ ತಕ್ಷಣ ಅಳೆಯಲೇಬಾರದು. ಪ್ರತಿ ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಯನ್ನು ಎತ್ತಿದಾಗ ಚಕ್ರಗಳು ಒಳಗೆ ಸರಿಯುತ್ತವೆ. ಇಳಿಸಿದಾಗ ಟೈರು ನೆಲಕ್ಕೆ ಕಚ್ಚಿಕೊಂಡು ಮತ್ತೆ ಹೊರಗೆ ಹರಡಲು ಒಪ್ಪುವುದಿಲ್ಲ, ಗಾಡಿ ಎತ್ತರದಲ್ಲೇ ನಿಂತುಬಿಡುತ್ತದೆ. ಹತ್ತಾರು ಮೀಟರ್ ಹಿಂದೆ ಮುಂದೆ ಓಡಿಸಿದ ಮೇಲೇ ಅದು ತನ್ನ ನಿಜವಾದ ಎತ್ತರಕ್ಕೆ ಬರುವುದು. ಲೀಫ್ ಸ್ಪ್ರಿಂಗಿನ ಜೀಪುಗಳದು ಇನ್ನೊಂದು ಕತೆ. ಅಲ್ಲಿ ಪ್ಲೇಟುಗಳು ಒಂದರ ಮೇಲೊಂದು ಉಜ್ಜುತ್ತವೆ. ಕೆಳಗೆ ಅದುಮಿ ಮೆಲ್ಲಗೆ ಬಿಟ್ಟರೆ ಒಂದು ಎತ್ತರ, ಮೇಲಕ್ಕೆತ್ತಿ ಮೆಲ್ಲಗೆ ಬಿಟ್ಟರೆ ಇನ್ನೊಂದು. ಎರಡನ್ನೂ ಬರೆದುಕೊಂಡು ನಡುವಿನದನ್ನು ಹಿಡಿಯಬೇಕು. ಈ ಎರಡರ ನಡುವಿನ ವ್ಯತ್ಯಾಸ ನಾವು ಹುಡುಕುತ್ತಿರುವ ವಾಲಿನಷ್ಟೇ ದೊಡ್ಡದಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತದೆ.

ಮುಂದಿನ ಜೋಡಿಯ ವ್ಯತ್ಯಾಸವನ್ನೂ ಹಿಂದಿನ ಜೋಡಿಯ ವ್ಯತ್ಯಾಸವನ್ನೂ ಬೇರೆ ಬೇರೆಯಾಗಿ ಬರೆದುಕೊಂಡರೆ ಒಂದು ಮುಖ್ಯ ಸುಳಿವು ಪುಕ್ಕಟೆಯಾಗಿ ಸಿಗುತ್ತದೆ. ಗಾಡಿಯ ಮೈ ಒಂದೇ ಗಟ್ಟಿ ತುಂಡು, ಅದು ವಾಲಿದರೆ ಇಡಿಯಾಗಿ ವಾಲಬೇಕು. ಮುಂದೆ ಬಲಗಡೆ 12 ಮಿ.ಮೀ. ತಗ್ಗಿದ್ದರೆ ಹಿಂದೆಯೂ ಬಲಗಡೆ ಹೆಚ್ಚುಕಮ್ಮಿ ಅಷ್ಟೇ ತಗ್ಗಿರಬೇಕು. ಮಟ್ಟದ ನೆಲದ ಮೇಲೆ, ಟೈರಿನ ಗಾಳಿ ಸಮವಿದ್ದಾಗಲೂ ಮುಂದೆ 12, ಹಿಂದೆ 2 ಬಂತೆಂದರೆ ಅದನ್ನು ಸ್ಪ್ರಿಂಗಿನ ತಲೆಗೆ ಕಟ್ಟುವಂತಿಲ್ಲ. ಮಡ್ಗಾರ್ಡು ಓರೆ ಕೂತಿದೆ, ಬಾಡಿ ಮತ್ತು ಚಾಸಿಯ ನಡುವಿನ ರಬ್ಬರ್ ಕುಸಿದಿದೆ, ಇಲ್ಲವೇ ಹಳೆಯ ಅಪಘಾತವೊಂದರಲ್ಲಿ ಚಾಸಿಯೇ ತಿರುಚಿದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೂ ಈ ಅಳತೆ ಉಪಯೋಗಕ್ಕೆ ಬರುತ್ತದೆ, ಮಾರುವವನ ಮುಖ ನೋಡುವುದಕ್ಕಿಂತ ನಂಬಬಹುದಾದದ್ದು.

ಇನ್ನು ಆರೋಪಿ ಸ್ಪ್ರಿಂಗಿನ ಕಡೆ ಬರೋಣ. ರಾಬರ್ಟ್ ಹುಕ್ 1676ರಲ್ಲಿ ತನ್ನ ನಿಯಮವನ್ನು ಅಕ್ಷರ ಕಲಸಿದ ಒಗಟಾಗಿ ಅಚ್ಚು ಹಾಕಿಸಿ, ಎರಡು ವರ್ಷ ಬಿಟ್ಟು ಬಿಡಿಸಿ ಹೇಳಿದ. ಬೇರೆಯವರು ಕದಿಯಬಾರದು, ಆದರೆ ಮೊದಲು ಕಂಡವನು ತಾನೆಂಬುದಕ್ಕೆ ದಾಖಲೆ ಬೇಕು ಎಂಬ ಜಾಣತನ. ನಿಯಮ ಇಷ್ಟೇ: ಸ್ಪ್ರಿಂಗ್ ಎಷ್ಟು ಕುಗ್ಗುತ್ತದೋ ಅದೇ ಅನುಪಾತದಲ್ಲಿ ಅದರ ಎದುರೊತ್ತು ಏರುತ್ತದೆ. ಒಂದು ಮಿಲಿಮೀಟರ್ ಕುಗ್ಗಿಸಲು 3 ಕೆ.ಜಿ. ಬೇಕಾಗುವ ಸ್ಪ್ರಿಂಗಿನ ಮೇಲೆ 360 ಕೆ.ಜಿ. ಇಟ್ಟರೆ ಅದು 120 ಮಿ.ಮೀ. ಕುಗ್ಗಿ ನಿಲ್ಲುತ್ತದೆ. ಹೀಗಾಗಿ ಗಾಡಿಯನ್ನು ಎತ್ತರಿಸಲು ಎರಡು ದಾರಿ. ಸ್ಪ್ರಿಂಗನ್ನು ಉದ್ದ ಮಾಡುವುದು ಒಂದು, ಕಡಿಮೆ ಕುಗ್ಗುವಂತೆ ಬಿಗಿ ಮಾಡುವುದು ಇನ್ನೊಂದು. ಮಾರುಕಟ್ಟೆಯ ಲಿಫ್ಟ್ ಸ್ಪ್ರಿಂಗುಗಳು ಸಾಮಾನ್ಯವಾಗಿ ಎರಡನ್ನೂ ಸ್ವಲ್ಪ ಸ್ವಲ್ಪ ಬೆರೆಸಿರುತ್ತವೆ.

ಕಾಯಿಲ್ ಸ್ಪ್ರಿಂಗನ್ನು ಅದುಮಿದಾಗ ಅದರ ತಂತಿ ಬಾಗುತ್ತದೆ ಎಂದು ತೋರುತ್ತದೆ. ನಿಜಕ್ಕೂ ಅದು ತಿರುಚಿಕೊಳ್ಳುತ್ತದೆ. ಸುರುಳಿಯನ್ನು ಬಿಡಿಸಿ ನೆಟ್ಟಗೆ ಮಾಡಿದರೆ ಅದೊಂದು ಟಾರ್ಷನ್ ಬಾರ್, ತಿರುಚುವ ಸರಳು. 2010ರಿಂದ 2020ರವರೆಗಿನ ಹಳೆಯ ಮಹೀಂದ್ರಾ ಥಾರ್‌ನ ಸಿಆರ್‌ಡಿಇ ಮಾದರಿಯ ಮುಂಭಾಗದಲ್ಲಿ ಇರುವುದು ಇದೇ ಸರಳು, ಸುತ್ತದೆ ನೇರವಾಗಿ ಬಿಟ್ಟದ್ದು. ತಿರುಚುವ ಸರಳಿನ ಬಿಗಿ ಅದರ ದಪ್ಪದ ನಾಲ್ಕನೇ ಘಾತವನ್ನು ಅನುಸರಿಸುತ್ತದೆ, ಎಂದರೆ ದಪ್ಪ ಒಂದು ಪರ್ಸೆಂಟ್ ಏರಿದರೆ ಬಿಗಿ ನಾಲ್ಕು ಪರ್ಸೆಂಟ್ ಏರುತ್ತದೆ. ಸುರುಳಿಯ ವ್ಯಾಸದ ಮೂರನೇ ಘಾತಕ್ಕೆ ಅದು ವಿಲೋಮ. ಈ ನಾಲ್ಕು, ಮೂರುಗಳೇ ಸ್ಪ್ರಿಂಗ್ ತಯಾರಕರ ನಿದ್ದೆಗೆಡಿಸುವುದು. 13 ಮಿ.ಮೀ. ತಂತಿಯಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು ಹೆಚ್ಚಿದರೆ ಬಿಗಿ ಮೂರು ಪರ್ಸೆಂಟ್ ಏರಿ, ನಮ್ಮ 120 ಮಿಲಿಮೀಟರಿನ ಕುಗ್ಗುವಿಕೆಯಲ್ಲಿ ಸುಮಾರು 4 ಮಿ.ಮೀ. ವ್ಯತ್ಯಾಸ ಬರುತ್ತದೆ. ತಲೆಗೂದಲ ದಪ್ಪದ ತಪ್ಪು ಮಡ್ಗಾರ್ಡಿನಲ್ಲಿ ಕಡ್ಡಿಯಷ್ಟಾಗಿ ಕಾಣುತ್ತದೆ. ಒಂದೇ ಪೆಟ್ಟಿಗೆಯಿಂದ ಬಂದ ಎರಡು ಸ್ಪ್ರಿಂಗುಗಳ ನಡುವೆ ನಾಲ್ಕೈದು ಮಿ.ಮೀ. ಹೆಚ್ಚುಕಮ್ಮಿಯಾದರೆ ತಯಾರಕರನ್ನು ಬೈಯುವುದು ಅನ್ಯಾಯ. ಹನ್ನೆರಡಾದರೆ ಬೇರೆ ಕಾರಣ ಹುಡುಕಬೇಕು.

‘ಕೂತ್ಕೊಳ್ಳುತ್ತೆ’ ಎಂಬ ಮೇಸ್ತ್ರಿಯ ಮಾತು? ಹೊಸ ಸ್ಪ್ರಿಂಗ್ ಕೊಂಚ ಕುಸಿಯುವುದು ನಿಜ. ಅದಕ್ಕೇ ಒಳ್ಳೆಯ ಕಾರ್ಖಾನೆಯವರು ಮಾರುವ ಮೊದಲೇ ಸ್ಪ್ರಿಂಗನ್ನು ಸುರುಳಿಗೆ ಸುರುಳಿ ತಾಗುವಷ್ಟು ಅದುಮಿ, ಕುಸಿಯಬೇಕಾದ್ದನ್ನು ಅಲ್ಲೇ ಕುಸಿಸಿಬಿಡುತ್ತಾರೆ. ಹಾಗೆ ಮಾಡಿದ ಸ್ಪ್ರಿಂಗ್ ಆಮೇಲೆ ಕೆಲವೇ ಮಿ.ಮೀ. ಇಳಿಯುತ್ತದೆ. ಆದರೆ ಎಡಬಲ ಎರಡೂ ಇಳಿಯುವಾಗ ಅವುಗಳ ನಡುವಿನ ವ್ಯತ್ಯಾಸ ಮಾತ್ರ ಯಾಕೆ ಅಳಿಯಬೇಕು? ಕಾದು ನೋಡುವುದರಿಂದ ನಷ್ಟವಿಲ್ಲ, ಅರ್ಧ ಇಂಚು ಕರಗುತ್ತದೆಂಬ ಭರವಸೆಯೂ ಬೇಡ.

ಸ್ಪ್ರಿಂಗುಗಳು ಪಕ್ಕಾ ಸಮ ಇದ್ದರೂ ಗಾಡಿ ವಾಲಬಹುದು, ಗಾಡಿಯೇ ಸಮವಿಲ್ಲದಿರುವಾಗ. ಚಾಲಕ ಒಂದು ಕಡೆ ಕೂರುತ್ತಾನೆ, ಇಂಧನದ ಟ್ಯಾಂಕು ಒಂದು ಕಡೆ ಇರುತ್ತದೆ, ಬ್ಯಾಟರಿ, ಸ್ಟೀರಿಂಗ್ ಬಾಕ್ಸು ಎಲ್ಲಕ್ಕೂ ಒಂದೊಂದು ಪಕ್ಷ. ಅಮೆರಿಕದಲ್ಲಿ ಟೊಯೊಟಾದ ಟಕೋಮಾ ಪಿಕಪ್‌ಗಳೂ 4ರನ್ನರ್‌ಗಳೂ ಈ ವಾಲಿಗೆ ಎಷ್ಟು ಹೆಸರಾಗಿವೆಯೆಂದರೆ ಅಲ್ಲಿನವರು ಅದಕ್ಕೆ ‘ಟಾಕೊ ಲೀನ್’ ಎಂದು ಅಡ್ಡಹೆಸರೇ ಇಟ್ಟಿದ್ದಾರೆ. ಅಲ್ಲಿ ಚಾಲಕ ಎಡಗಡೆ, ವಾಲುವುದೂ ಎಡಕ್ಕೆ, ಲಿಫ್ಟ್ ಹಾಕಿಸಿದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಅಲ್ಲಿನ ರೂಢಿಯ ಮದ್ದು, ಎಡ ಮುಂದಿನ ಸ್ಪ್ರಿಂಗಿನ ತಲೆಯ ಮೇಲೆ ಕಾಲಿಂಚಿನ ಸ್ಪೇಸರ್. ಕಾಲಿಂಚು ಇಟ್ಟರೆ ಚಕ್ರದ ಬಳಿ ಸುಮಾರು ಅರ್ಧ ಇಂಚು ಏರುತ್ತದೆ. ಸ್ಪ್ರಿಂಗ್ ಕೂತಿರುವುದು ಸಸ್ಪೆನ್ಷನ್ನಿನ ಕೆಳತೋಳಿನ ನಡುಭಾಗದಲ್ಲಿ, ಚಕ್ರ ಇರುವುದು ತೋಳಿನ ತುದಿಯಲ್ಲಿ. ಸನ್ನೆಗೋಲಿನ ಲೆಕ್ಕವದು. ಇದನ್ನು ಮರೆತು ಅರ್ಧ ಇಂಚಿನ ವಾಲಿಗೆ ಅರ್ಧ ಇಂಚಿನ ಸ್ಪೇಸರ್ ಕೊಂಡವರು ಆ ಕಡೆಯಿಂದ ಈ ಕಡೆಗೆ ವಾಲಿಸಿಕೊಳ್ಳುತ್ತಾರೆ.

ಬ್ರಿಟನ್ನಿನ ಲ್ಯಾಂಡ್ ರೋವರ್ ತಯಾರಕರು ಈ ಸಮಸ್ಯೆಯನ್ನು ಮೊದಲೇ ಒಪ್ಪಿಕೊಂಡುಬಿಟ್ಟಿದ್ದರು. ಲೀಫ್ ಸ್ಪ್ರಿಂಗಿನ ಹಳೆಯ ಲ್ಯಾಂಡ್ ರೋವರ್‌ಗಳಲ್ಲಿ ಚಾಲಕನ ಕಡೆಯ ಸ್ಪ್ರಿಂಗಿಗೆ ಇನ್ನೊಂದು ಕಡೆಯದಕ್ಕಿಂತ ಹೆಚ್ಚು ಕಮಾನು ಕೊಟ್ಟಿರುತ್ತಿದ್ದರು. ಕಾಯಿಲ್ ಸ್ಪ್ರಿಂಗಿನ ಕಾಲ ಬಂದಾಗಲೂ ಎಡಬಲಕ್ಕೆ ಬೇರೆ ಬೇರೆ ಸ್ಪ್ರಿಂಗ್ ಇಡುವುದನ್ನು ಬಿಡಲಿಲ್ಲ. ಯಾವುದು ಯಾವ ಕಡೆಗೆ ಎಂದು ಗೊತ್ತಾಗಲು ಸುರುಳಿಯ ಮೇಲೆ ಬಣ್ಣದ ಪಟ್ಟೆ ಬಳಿಯುತ್ತಿದ್ದರು. ಹಳೆಯ ಗಾಡಿ ಬಿಚ್ಚುವಾಗ ಆ ಪಟ್ಟೆಗಳು ಕೆಸರಿನಡಿ ಮುಚ್ಚಿಹೋಗಿರುತ್ತವೆ, ನಾಲ್ಕೂ ಸ್ಪ್ರಿಂಗು ಒಂದೇ ಮೂಲೆಯಲ್ಲಿ ಗುಡ್ಡೆ ಬೀಳುತ್ತವೆ. ಹೊಸದಾಗಿ ಬಂದ ಲಿಫ್ಟ್ ಕಿಟ್ಟಿನಲ್ಲಿ ಎಡಬಲ ಎರಡೂ ಒಂದೇ ಆಗಿದ್ದರೆ, ಕಂಪನಿ ಸದ್ದಿಲ್ಲದೆ ಮಾಡಿಟ್ಟಿದ್ದ ಸರಿದೂಗಿಕೆ ಅಳಿದುಹೋಗುತ್ತದೆ. ಕಿಟ್ಟಿನವರು ಎಡಬಲ ಬೇರೆ ಮಾಡಿದ್ದರೂ ಗ್ಯಾರೇಜಿನಲ್ಲಿ ಅದಲುಬದಲಾಗಬಹುದು. ಆಗ ವಾಲು ಇಮ್ಮಡಿ. ಸ್ಪ್ರಿಂಗಿನ ಮೇಲಿನ ಪಾರ್ಟ್ ನಂಬರ್ ಓದುವುದು ಒಂದು ನಿಮಿಷದ ಕೆಲಸ.

ಒಂದು ಸಾಧಾರಣ ಜೀಪಿನ ಅಂದಾಜು ಲೆಕ್ಕ ಹೀಗಿದೆ. 75 ಕೆ.ಜಿ. ತೂಕದ ಚಾಲಕ ಗಾಡಿಯ ನಡುಗೆರೆಯಿಂದ 38 ಸೆಂ.ಮೀ. ದೂರ ಕೂತರೆ ಆ ಒಬ್ಬನಿಂದಲೇ ಎರಡು ಮಡ್ಗಾರ್ಡುಗಳ ನಡುವೆ 11, 12 ಮಿ.ಮೀ. ವ್ಯತ್ಯಾಸ ಬರುತ್ತದೆ. ಅದೇ ಕಡೆ 40 ಕೆ.ಜಿ. ಇಂಧನ ಸೇರಿದರೆ 17ರ ಆಚೆ ಹೋಗುತ್ತದೆ. ಹೊಸ ಥಾರ್‌ನ ಟ್ಯಾಂಕಿಗೆ 57 ಲೀಟರ್ ಹಿಡಿಯುತ್ತದೆ, ಅಷ್ಟು ಪೆಟ್ರೋಲಿನ ತೂಕ ಸುಮಾರು 42 ಕೆ.ಜಿ. ಹಾಗಾಗಿ 40 ಕೆ.ಜಿ. ಎಂಬುದು ಉತ್ಪ್ರೇಕ್ಷೆಯಲ್ಲ.

ಎತ್ತರಿಸಿದ್ದರಿಂದಲೇ ವಾಲು ಹೆಚ್ಚಾಯಿತು, ಗುರುತ್ವ ಕೇಂದ್ರ ಮೇಲೇರಿತಲ್ಲ, ಎನ್ನುವವರಿದ್ದಾರೆ. ಕೇಳಲು ವಿಜ್ಞಾನದಂತಿದೆ. ಮೇಲಿನ ಜೀಪನ್ನೇ 50 ಮಿ.ಮೀ. ಎತ್ತರಿಸಿ ಲೆಕ್ಕ ಹಾಕಿದರೆ ನಿಂತಲ್ಲಿನ ವಾಲು ಹೆಚ್ಚುವುದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ತಿರುವಿನಲ್ಲಿ ಗುರುತ್ವ ಕೇಂದ್ರದ ಎತ್ತರ ದೊಡ್ಡ ವಿಷಯ, ಆ ಭಯ ಇರಬೇಕಾದ್ದೇ. ನಿಂತ ಗಾಡಿಯ ವಾಲಿಗೆ ಅದು ಕಾರಣವಲ್ಲ. ಅಷ್ಟೇ ಅಲ್ಲ, ಲಿಫ್ಟ್ ಸ್ಪ್ರಿಂಗ್ ಮೊದಲಿನದಕ್ಕಿಂತ 20 ಪರ್ಸೆಂಟ್ ಬಿಗಿಯಾಗಿದ್ದರೆ 17 ಮಿ.ಮೀ. ಇದ್ದ ವಾಲು ಸುಮಾರು 14ಕ್ಕೆ ಇಳಿಯಬೇಕು. ಇಳಿಯುವ ಬದಲು ಏರಿತೆಂದರೆ ಬೇರೆ ಯಾರೋ ಕೈಯಾಡಿಸಿದ್ದಾರೆ.

ಹೆಚ್ಚಿನ ಸಲ ಆ ‘ಯಾರೋ’ ಎಂದರೆ ರಬ್ಬರ್ ಬುಷ್. ಸಸ್ಪೆನ್ಷನ್ನಿನ ತೋಳುಗಳು ಚಾಸಿಗೆ ಸೇರುವ ಕಡೆ ಎರಡು ಕಬ್ಬಿಣದ ಕೊಳವೆಗಳ ನಡುವೆ ರಬ್ಬರ್ ಅಂಟಿಸಿದ ಬುಷ್ ಇರುತ್ತದೆ. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಚಾಸಿಗೆ ಕಚ್ಚಿಕೊಳ್ಳುತ್ತದೆ, ಹೊರಗಿನದು ತೋಳಿನ ಜೊತೆ ತಿರುಗುತ್ತದೆ. ನಡುವಿನ ರಬ್ಬರ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಅಂದರೆ ಪ್ರತಿ ಬುಷ್ ಕೂಡ ಒಂದು ಸಣ್ಣ ಸ್ಪ್ರಿಂಗ್, ಕಿಟ್ಟಿನ ಪೆಟ್ಟಿಗೆಯ ಮೇಲೆ ಹೆಸರಿಲ್ಲದ್ದು. ಬೋಲ್ಟ್ ಬಿಗಿದ ಕ್ಷಣ ತೋಳು ಯಾವ ಕೋನದಲ್ಲಿತ್ತೋ ಅದೇ ಆ ರಬ್ಬರಿನ ವಿಶ್ರಾಂತಿಯ ನೆಲೆ. ಗ್ಯಾರೇಜಿನಲ್ಲಿ ಸ್ಪ್ರಿಂಗ್ ಬದಲಿಸುವುದು ಗಾಡಿಯನ್ನು ಎತ್ತಿ ಚಕ್ರ ಜೋತುಬಿದ್ದಿರುವಾಗ. ಪಾನಾ ಕೈಯಲ್ಲೇ ಇದೆ, ಬೋಲ್ಟ್ ಕಣ್ಣೆದುರೇ ಇದೆ, ಅಲ್ಲೇ ಬಿಗಿದುಬಿಡುತ್ತಾರೆ. ಗಾಡಿ ಇಳಿಸಿದಾಗ 400 ಮಿ.ಮೀ. ಉದ್ದದ ತೋಳು 100 ಮಿ.ಮೀ. ಮೇಲೆ ಬಂದರೆ ಬುಷ್ 14 ಡಿಗ್ರಿ ತಿರುಚಿಕೊಂಡು, ಗಾಡಿಯನ್ನು ಸದಾ ಮೇಲಕ್ಕೆ ನೂಕುತ್ತ ಕೂರುತ್ತದೆ. ಎರಡೂ ಕಡೆ ಹೀಗೇ ಆಗಿದ್ದರೆ ವಾಲು ಕಾಣದು, ರಬ್ಬರ್ ಬೇಗ ಹರಿಯುತ್ತದೆ ಅಷ್ಟೆ. ಒಂದು ಕಡೆ ಜೋತಾಗ ಬಿಗಿದು, ಇನ್ನೊಂದು ಕಡೆ ಚಕ್ರ ನೆಲ ಮುಟ್ಟಿದಾಗ ಬಿಗಿದಿದ್ದರೆ ಗಾಡಿ ವಾಲುತ್ತದೆ, ಸ್ಪ್ರಿಂಗಿನ ಮೇಲೆ ಅಪವಾದ ಬರುತ್ತದೆ.

ಇದರ ಪರಿಹಾರಕ್ಕೆ ಒಂದು ಬಿಡಿಭಾಗವೂ ಬೇಡ. ಗಾಡಿ ತನ್ನ ಚಕ್ರಗಳ ಮೇಲೆ ನಿಂತಿರುವಾಗ, ರ‍್ಯಾಂಪಿನ ಮೇಲಾಗಲಿ ಗುಂಡಿಯ ಮೇಲಾಗಲಿ, ತೋಳುಗಳ ಬುಷ್ ಬೋಲ್ಟುಗಳನ್ನೂ ಲೀಫ್ ಸ್ಪ್ರಿಂಗಿನಲ್ಲಿ ಕಿವಿ ಮತ್ತು ಶ್ಯಾಕಲ್ ಬೋಲ್ಟುಗಳನ್ನೂ ಸಡಿಲಿಸಿ, ಗಾಡಿಯನ್ನು ನಾಲ್ಕಾರು ಸಲ ಕುಲುಕಿ, ಅದು ನಿಂತ ಎತ್ತರದಲ್ಲೇ ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯುವುದು. ನನ್ನನ್ನು ಕೇಳಿದರೆ, ಇದನ್ನು ಮಾಡುವ ಮೊದಲು ಸ್ಪೇಸರಿನ ಹೆಸರನ್ನೂ ಎತ್ತಬಾರದು. ಅದೇ ಹೊತ್ತಿಗೆ, ತಿರುವಿನಲ್ಲಿ ಗಾಡಿ ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಆ್ಯಂಟಿ-ರೋಲ್ ಬಾರಿನ ಲಿಂಕುಗಳನ್ನೂ ಒಮ್ಮೆ ಬಿಚ್ಚಿ ನೋಡಬೇಕು. ಒಂದು ಲಿಂಕ್ ಉದ್ದ, ಒಂದು ಗಿಡ್ಡ ಆಗಿದ್ದರೆ ಆ ಬಾರೇ ಗಾಡಿಯನ್ನು ಓರೆಯಾಗಿ ಹಿಡಿದಿಟ್ಟಿರುತ್ತದೆ. ಕಾಯಿಲಿನ ತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂತಿದೆಯೇ, ಮೇಲಿನ ರಬ್ಬರ್ ತಟ್ಟೆ ಎರಡೂ ಕಡೆ ಇದೆಯೇ, ಹಳೆಯ ಸ್ಪ್ರಿಂಗಿಗೆ ಅಂಟಿಕೊಂಡು ಗುಜರಿಗೆ ಹೋಯಿತೇ ಎಂಬುದನ್ನೂ ಟಾರ್ಚ್ ಬಿಟ್ಟು ನೋಡಬೇಕು. ಗ್ಯಾಸ್ ತುಂಬಿದ ಶಾಕಪ್ ಕೂಡ ತನ್ನ ಪಾಲಿನ ಭಾರ ಹೊರುತ್ತದೆ. ಒಳಗೆ ಗಾಳಿಯ ಒತ್ತಡದ ಇಪ್ಪತ್ತು ಪಟ್ಟು ನೈಟ್ರೋಜನ್ ಇದ್ದು, ಸರಳು 14 ಮಿ.ಮೀ. ದಪ್ಪವಿದ್ದರೆ ಅದು ಸುಮಾರು 30 ಕೆ.ಜಿ. ನೂಕುತ್ತದೆ. ಒಂದು ಕಡೆಯ ಗ್ಯಾಸ್ ಸೋರಿದರೆ ನಮ್ಮ ಸ್ಪ್ರಿಂಗಿನ ಲೆಕ್ಕದಲ್ಲಿ 10 ಮಿ.ಮೀ. ಹೋಯಿತು.

ಇಷ್ಟಾದರೂ ವಾಲು ಉಳಿದಿದೆ ಎನ್ನೋಣ. ಈಗ ಬರುವುದು ಈ ಅಧ್ಯಾಯದ ನಿಜವಾದ ತೊಡಕು. ಮೂರು ಕಾಲಿನ ಸ್ಟೂಲು ಎಂಥ ನೆಲದ ಮೇಲೂ ಅಲುಗದೆ ನಿಲ್ಲುತ್ತದೆ. ನಾಲ್ಕು ಕಾಲಿನ ಮಂಚ ಕಲ್ಲುಚಪ್ಪಡಿಯ ಮೇಲೆ ಕುಟುಕುಟು ಎನ್ನುತ್ತದೆ, ಭಾರ ಎದುರುಬದುರು ಮೂಲೆಗಳ ಒಂದು ಜೋಡಿಯ ಮೇಲೆ ನಿಂತು, ಇನ್ನೊಂದು ಜೋಡಿ ಹಗುರಾಗಿರುತ್ತದೆ. ಗಾಡಿಗೂ ನಾಲ್ಕು ಕಾಲು. ಸ್ಪ್ರಿಂಗ್ ಇರುವುದರಿಂದ ಕುಟುಕುವುದಿಲ್ಲ, ಆದರೆ ಭಾರದ ಹಂಚಿಕೆ ಹಾಗೇ ಓರೆಯಾಗಬಹುದು. ಮೂರು ಆಧಾರಗಳಿದ್ದರೆ ಯಾವುದರ ಮೇಲೆ ಎಷ್ಟು ಭಾರ ಎಂದು ಸಮತೋಲದ ಸಮೀಕರಣಗಳೇ ಹೇಳಿಬಿಡುತ್ತವೆ. ನಾಲ್ಕಾದರೆ ಸಮೀಕರಣ ಸಾಲುವುದಿಲ್ಲ, ಪ್ರತಿ ಕಾಲಿನ ಉದ್ದವೂ ಬಿಗಿಯೂ ಗೊತ್ತಿರಬೇಕು.

ನಾಲ್ಕೂ ಸ್ಪ್ರಿಂಗು ಒಂದೇ ಬಿಗಿಯವು, ಚಕ್ರದ ಪಕ್ಕದಲ್ಲೇ ಕೂತಿವೆ ಎಂದಿಟ್ಟುಕೊಂಡು ಬಲ ಮುಂದಿನದರ ಕೆಳಗೆ 10 ಮಿ.ಮೀ. ಸ್ಪೇಸರ್ ಇಡೋಣ. ಆ ಮೂಲೆ 10 ಮಿ.ಮೀ. ಏರುವುದಿಲ್ಲ, ಏಳೂವರೆ ಏರುತ್ತದೆ. ಎಡ ಮುಂದಿನದು ಎರಡೂವರೆ ಏರುತ್ತದೆ, ಬಲ ಹಿಂದಿನದೂ ಅಷ್ಟೇ. ಎದುರು ಮೂಲೆಯಾದ ಎಡ ಹಿಂದಿನದು ಎರಡೂವರೆ ಇಳಿಯುತ್ತದೆ! ಮುಂದೆ ಎಡಬಲಗಳ ವ್ಯತ್ಯಾಸ 5 ಮಿ.ಮೀ. ಸರಿಹೋಯಿತು, ಮುಟ್ಟದೆಯೇ ಹಿಂದೆಯೂ 5 ಸರಿಹೋಯಿತು. ಸ್ಪೇಸರ್ ಇಟ್ಟ ಮೂಲೆಯಲ್ಲಿ ಏರದೆ ಉಳಿದ ಎರಡೂವರೆ ಮಿ.ಮೀ. ಎಲ್ಲಿಗೆ ಹೋಯಿತು? ಸ್ಪ್ರಿಂಗುಗಳೊಳಗೆ. ಬಲ ಮುಂದಿನ ಮತ್ತು ಎಡ ಹಿಂದಿನ ಸ್ಪ್ರಿಂಗುಗಳು ತಲಾ ಏಳೂವರೆ ಕೆ.ಜಿ. ಹೆಚ್ಚು ಹೊರುತ್ತವೆ, ಇನ್ನೆರಡು ತಲಾ ಏಳೂವರೆ ಕೆ.ಜಿ. ಕಡಿಮೆ. ಇಷ್ಟು ಸಣ್ಣ ಪ್ರಮಾಣದಲ್ಲಿ ಯಾರಿಗೂ ತಿಳಿಯದು. ಆದರೆ ವಾಲು ಪೂರ್ತಿ ಹೋಗಲಿಲ್ಲವೆಂದು ಅದೇ ಮೂಲೆಗೆ 30 ಮಿ.ಮೀ. ತುರುಕಿದರೆ ಒಂದೊಂದು ಮೂಲೆಯಲ್ಲಿ 22 ಕೆ.ಜಿ. ಆಚೀಚೆಯಾಗಿ, ಮುಂದಿನ ಎರಡು ಚಕ್ರಗಳ ನಡುವೆ 45 ಕೆ.ಜಿ. ಅಂತರ ಬೀಳುತ್ತದೆ. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಹಗುರಾದ ಮುಂಚಕ್ರವೇ ಮೊದಲು ಹಿಡಿತ ಬಿಡುವುದು. ರೇಸಿಂಗಿನವರು ನಾಲ್ಕು ಚಕ್ರಗಳಡಿ ನಾಲ್ಕು ತಕ್ಕಡಿ ಇಟ್ಟು ಈ ಎದುರುಮೂಲೆಗಳ ಭಾರವನ್ನು ಗಂಟೆಗಟ್ಟಲೆ ಹೊಂದಿಸುವುದು ಇದಕ್ಕಾಗಿಯೇ.

ಹಾಗಾದರೆ ಸ್ಪೇಸರ್ ಎಲ್ಲಿಡಬೇಕು? ಕಣ್ಣಿಗೆ ತಗ್ಗಿದಂತೆ ಕಾಣುವ ಮೂಲೆಯಲ್ಲಿ ಅಲ್ಲ, ತಪ್ಪಿರುವ ಜಾಗದಲ್ಲಿ. ಹಿಂದಿನ ಸ್ಪ್ರಿಂಗ್ ಗಿಡ್ಡವಾಗಿದ್ದರೂ ಮುಂದೆ ಸ್ಪೇಸರ್ ಇಟ್ಟು ಎತ್ತರ ಸರಿಮಾಡಬಹುದು, ಆಗ ಒಂದು ತಪ್ಪಿನ ಮೇಲೆ ಇನ್ನೊಂದನ್ನು ಪೇರಿಸಿದಂತೆ. ಯಾವ ಕಡೆಯದು ತಪ್ಪು ಎಂದು ತಿಳಿಯಲು ನಾಲ್ಕು ಕಾಲನ್ನು ಮೂರು ಮಾಡಿದರೆ ಸಾಕು. ಮುಂದಿನ ಚಾಸಿಯ ಅಡ್ಡಪಟ್ಟಿಯ ನಟ್ಟನಡುವೆ ಟ್ರಾಲಿ ಜಾಕಿ ಇಟ್ಟು, ಮುಂದಿನ ಸ್ಪ್ರಿಂಗುಗಳ ಭಾರ ಹೋಗುವವರೆಗೆ ಎತ್ತಿ, ಹಿಂದಿನ ಎಡಬಲ ಅಳೆಯಿರಿ. ಈಗ ಮುಂಭಾಗ ಒಂದೇ ಬಿಂದುವಿನ ಮೇಲಿದೆ, ಅದು ವಾಲಿಸಲೂ ಆರದು, ವಾಲದಂತೆ ತಡೆಯಲೂ ಆರದು. ಕಾಣುವ ವಾಲು ಹಿಂದಿನ ಜೋಡಿಯದು ಮತ್ತು ಓರೆ ಭಾರದ್ದು. ಆಮೇಲೆ ಹಿಂದೆ ಎತ್ತಿ ಮುಂದೆ ಅಳೆಯಿರಿ. ಅಳೆಯುವಾಗ ಗಾಡಿಯಡಿಗೆ ಯಾರೂ ನುಸುಳಕೂಡದು, ಜಾಕಿಯೊಂದನ್ನೇ ನಂಬಿ ಅಡಿಗೆ ಹೋದವರ ಕತೆಗಳು ಚೆನ್ನಾಗಿ ಮುಗಿದಿಲ್ಲ. ತಪ್ಪು ಯಾವ ಜೋಡಿಯದೆಂದು ತಿಳಿದ ಮೇಲೆ ಆ ಜೋಡಿಯ ಎಡ ಸ್ಪ್ರಿಂಗನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕುವುದು. ವಾಲು ಮಗ್ಗುಲು ಬದಲಿಸಿದರೆ ಸ್ಪ್ರಿಂಗಿನ ದೋಷ, ವಾರಂಟಿಯ ಮಾತಾಡಬಹುದು. ಅಲ್ಲೇ ಉಳಿದರೆ ಭಾರದ್ದೋ ಕೂರುವ ತಟ್ಟೆಯದ್ದೋ ದೋಷ. ಕೂಲಿ ದುಬಾರಿ ಎಂದು ಇದನ್ನು ಬಿಡುವವರೇ ಹೆಚ್ಚು. ಇದಕ್ಕಿಂತ ಖಚಿತವಾದ ಸಾಕ್ಷಿ ಇಲ್ಲವೆಂಬುದೂ ಅಷ್ಟೇ ನಿಜ.

ಭಾರದ ವಾಲಿಗೆ ಸ್ಪೇಸರ್ ತಕ್ಕ ಮದ್ದೇ. ಅದನ್ನು ಮುಂದೆ ಹಿಂದೆ ಎರಡೂ ಕಡೆ ಹಂಚಿದರೆ ಎದುರುಮೂಲೆಗಳ ತಕರಾರು ಬರುವುದಿಲ್ಲ. ಬಲ ಮುಂದೆ 10, ಬಲ ಹಿಂದೆ 10 ಇಟ್ಟರೆ ವಾಲು 10 ಸರಿಹೋಗಿ, ಸ್ಪ್ರಿಂಗುಗಳ ಮೇಲಿನ ಭಾರ ಹೆಚ್ಚುಕಮ್ಮಿ ಇದ್ದಂತೆಯೇ ಉಳಿಯುತ್ತದೆ. ಸಿಆರ್‌ಡಿಇ ಮಾದರಿಯ ಹಳೆಯ ಥಾರ್‌ನಲ್ಲಿ ಟಾರ್ಷನ್ ಬಾರಿನ ತುದಿಯ ಬೋಲ್ಟ್ ತಿರುಗಿಸಿ ಎಡಬಲವನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಅದರಿಂದ ಸರಳಿನ ಬಿಗಿ ಬದಲಾಗುವುದಿಲ್ಲ, ಶುರುವಿನ ಕೋನವಷ್ಟೇ ಬದಲಾಗುತ್ತದೆ. ಈ ಸೌಕರ್ಯ ಎಷ್ಟು ಸುಲಭವೋ ಅಷ್ಟೇ ಅಪಾಯಕಾರಿ. ಹಿಂದಿನ ಪ್ಲೇಟು ಕುಸಿದದ್ದಕ್ಕೆ ಮುಂದಿನ ಬೋಲ್ಟು ತಿರುಗಿಸಿ ಕೈತೊಳೆದುಕೊಳ್ಳಬಹುದು.

ಲೀಫ್ ಸ್ಪ್ರಿಂಗಿನವರು ತಗ್ಗಿದ ಕಡೆ ಒಂದು ಪ್ಲೇಟು ಹೆಚ್ಚಿಗೆ ಹಾಕಿಸುವುದುಂಟು. ಇದಕ್ಕೆ ನನ್ನ ವಿರೋಧವಿದೆ. ಪ್ಲೇಟು ಸೇರಿಸಿದರೆ ಎತ್ತರದ ಜೊತೆ ಬಿಗಿಯೂ ಏರುತ್ತದೆ. ಮಿಲಿಮೀಟರಿಗೆ ಎಡ 3 ಕೆ.ಜಿ., ಬಲ 3.3 ಕೆ.ಜಿ. ಬಿಗಿ ಇರುವ ಗಾಡಿ 360 ಕೆ.ಜಿ.ಯ ಭಾರದಲ್ಲಿ ಬಲಗಡೆ 11 ಮಿ.ಮೀ. ಎತ್ತರ ಗಳಿಸುತ್ತದೆ. ಕಾಫಿ ಮೂಟೆ ಹೇರಿ ಎರಡೂ ಕಡೆಗೆ 100 ಕೆ.ಜಿ. ಸೇರಿದಾಗ 14 ಆಗುತ್ತದೆ. ಬಿಗಿಯನ್ನು ಬದಲಿಸಿ ಪಡೆದ ಸಮ ಒಂದೇ ಒಂದು ಭಾರಕ್ಕೆ ಸಮ, ಮಿಕ್ಕೆಲ್ಲ ಭಾರಕ್ಕೂ ಓರೆ. ಹೆಚ್ಚು ಕಮಾನಿನ ಪ್ಲೇಟು ಅಥವಾ ಹೊಂದುವ ಪ್ಯಾಕಿಂಗ್ ಎಲ್ಲ ಭಾರದಲ್ಲೂ ಒಂದೇ ಅಳತೆ ಎತ್ತುತ್ತದೆ. ಮುಂದಿನ ಆಕ್ಸಲ್ಲಿಗೆ ಮಾತ್ರ ದಪ್ಪ ದಿಮ್ಮಿ ಇಡಬಾರದು, ಬ್ರೇಕಿನ ತಿರುಚು ಬಲಕ್ಕೆ ಅದು ಜರುಗಿದರೆ ಸ್ಟೀರಿಂಗು ಕೈಕೊಡುತ್ತದೆ.

ಮಾರುತಿ ಸುಜುಕಿ ಜಿಮ್ನಿಯಂಥ, ಕಾಯಿಲ್ ಸ್ಪ್ರಿಂಗಿನ ಮೇಲೆ ಇಡೀ ಆಕ್ಸಲ್ ಇರುವ ಗಾಡಿಗಳಲ್ಲಿ ಇನ್ನೊಂದು ಮೋಸವಿದೆ. ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಒಂದು ಓರೆ ಸರಳು ಅದನ್ನು ಚಾಸಿಗೆ ಕಟ್ಟಿರುತ್ತದೆ. 900 ಮಿ.ಮೀ. ಉದ್ದದ ಸರಳು ಮೊದಲೇ 10 ಡಿಗ್ರಿ ಓರೆಯಿದ್ದು, ಗಾಡಿ 50 ಮಿ.ಮೀ. ಎದ್ದರೆ ಆಕ್ಸಲ್ ಸುಮಾರು 10 ಮಿ.ಮೀ. ಒಂದು ಪಕ್ಕಕ್ಕೆ ಸರಿಯುತ್ತದೆ. ಒಂದು ಕಡೆ ಟೈರು ಹೊರಗೆ ಇಣುಕಿ, ಇನ್ನೊಂದು ಕಡೆ ಒಳಗೆ ಸೇರಿ, ಕಣ್ಣಿಗೆ ಗಾಡಿ ವಾಲಿದಂತೆ ಕಾಣುತ್ತದೆ. ಟೇಪು ಹಿಡಿದರೆ ಎತ್ತರ ಸಮ. ಇದಕ್ಕೆ ಬೇಕಾದದ್ದು ಉದ್ದ ಹೊಂದಿಸಬಹುದಾದ ಸರಳು.

ಎಷ್ಟು ವಾಲನ್ನು ಬಿಟ್ಟುಬಿಡಬಹುದು ಎಂಬುದಕ್ಕೆ ಮೊದಲು, ಯಾರು ಕೂತಾಗ ಅಳೆದದ್ದು ಎಂದು ಕೇಳಬೇಕು. ಎಡಬಲ ಬೇರೆ ಸ್ಪ್ರಿಂಗಿನ ಲ್ಯಾಂಡ್ ರೋವರ್ ಖಾಲಿ ನಿಂತಾಗ ಚಾಲಕನ ಕಡೆ ಕೊಂಚ ಎದ್ದೇ ಇರುತ್ತದೆ, ಅದು ಸರಿಯಾದ ನಿಲುವು. ಹಾಗಾಗಿ ಚಾಲಕನ ಸೀಟಿನಲ್ಲಿ ಅವನಷ್ಟೇ ತೂಕ ಇಟ್ಟು, ಟ್ಯಾಂಕ್ ಅರ್ಧ ತುಂಬಿಸಿ ಅಳೆದು ನಿರ್ಧರಿಸುವುದು ಒಳ್ಳೆಯದು. ಆಗ ಐದಾರು ಮಿ.ಮೀ. ಉಳಿದರೆ ನಾನಂತೂ ಪಾನಾ ಕೆಳಗಿಡುತ್ತೇನೆ. ವಿಂಚು, ಛಾವಣಿ ಕ್ಯಾರಿಯರ್, ಇನ್ನೊಂದು ಬ್ಯಾಟರಿ ಹಾಕಿಸುವ ಇರಾದೆ ಇದ್ದರೆ ಅದೆಲ್ಲ ಮುಗಿದ ಮೇಲೆ ಅಳೆಯಿರಿ. ಕಾನೂನಿನ ಮಾತೂ ಇದೆ: ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಬದಲಿಸಕೂಡದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಸ್ಪ್ರಿಂಗ್ ಕೊಳ್ಳುವ ಮೊದಲೇ ಓದಿಕೊಳ್ಳಬೇಕಾದ ಕಲಂ ಅದು.

ಎತ್ತರ ಹೊಂದಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಬೇಕು, ಚಕ್ರ ಪೂರ್ತಿ ಜೋತಾಗ ಬ್ರೇಕಿನ ಹೋಸು ಬಿಗಿಯುತ್ತದೆಯೇ ನೋಡಬೇಕು. ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಸಣ್ಣ ಸರಳೊಂದು ಇರುವ ಹಳೆಯ ಗಾಡಿಗಳಲ್ಲಿ ಆ ಸರಳು ಬ್ರೇಕಿನ ವಾಲ್ವಿಗೆ ಹಿಂದೆ ಎಷ್ಟು ಭಾರವಿದೆ ಎಂದು ತಿಳಿಸುತ್ತದೆ. ಗಾಡಿ ಎದ್ದಾಗ ಹಿಂದೆ ಭಾರವೇ ಇಲ್ಲವೆಂದು ತಪ್ಪು ತಿಳಿದು ವಾಲ್ವು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ, ಸರಳನ್ನು ಮತ್ತೆ ಹೊಂದಿಸಬೇಕು. ಲೀಫ್ ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ಯು-ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರ್ ಬಿಟ್ಟು ಮತ್ತೊಮ್ಮೆ ಬಿಗಿಯಬೇಕು. ಹೆಡ್‌ಲೈಟನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಹೊಸ ಥಾರ್‌ನ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ 2,450 ಮಿ.ಮೀ. ಮುಂದೆ 50, ಹಿಂದೆ 40 ಮಿ.ಮೀ. ಏರಿಸಿದರೆ ಗಾಡಿಯ ಮೂತಿ ಎದ್ದು, 50 ಮೀಟರ್ ದೂರದಲ್ಲಿ ಬೆಳಕು 20 ಸೆಂ.ಮೀ. ಮೇಲೆ ಬೀಳುತ್ತದೆ. ದೀಪವೇ 5 ಸೆಂ.ಮೀ. ಮೇಲೆ ಹೋಗಿರುವುದು ಬೇರೆ. ಚಾರ್ಮಾಡಿ ಘಾಟಿಯಲ್ಲಿ ಎದುರು ಬರುವವನ ಕಣ್ಣಿಗೆ ಅಷ್ಟು ಸಾಕು. ದೀಪದ ಹಿಂದೆ ಅದನ್ನು ಇಳಿಸುವ ಸ್ಕ್ರೂ ಇದೆ. ಗೋಡೆಯೆದುರು ನಿಲ್ಲಿಸಿ, ಮೊದಲಿನ ಗುರುತಿಗೆ ತಂದುಕೊಳ್ಳಲು ಹತ್ತು ನಿಮಿಷ ಹಿಡಿಯುತ್ತದೆ.